ಅಕ್ಕನ ದನಿಗೊಂದು ತಿದ್ದುಪಡಿ

ಟಾಂಟಾಂ ಎಂದು ಅವನಿಗೆ ಅಡ್ಡಹೆಸರಿಟ್ಟವನು ಸೋದರಮಾವ. ಹೊಟ್ಟೆಯಲ್ಲಿ ಮಾತು ನಿಲ್ಲದ ಹುಡುಗ. ಮಾವ ಹಿತ್ತಿಲಲ್ಲಿ ಕದ್ದು ಸಿಗರೇಟು ಸೇದಿದ್ದನ್ನು ಅತ್ತೆಗೆ ಹೇಳುವನು, ಅತ್ತೆ ಅಡುಗೆಮನೆಯಲ್ಲಿ ಮಾವನ ಬಗ್ಗೆ ಆಡಿಕೊಂಡದ್ದನ್ನು ಮಾವನಿಗೆ ಮುಟ್ಟಿಸುವನು, ಕೊನೆಗೆ ಇಬ್ಬರಿಂದಲೂ ಪೆಟ್ಟು ತಿಂದು "ನಿಜ ತಾನೇ ಹೇಳಿದ್ದು" ಎಂದು ಮೂಲೆಯಲ್ಲಿ ಕೂತು ಅಳುವನು. ದೊಡ್ಡವನಾದ ಮೇಲೆ ಮಾಡಿದ್ದೂ ಅದೇ ಕೆಲಸ, ತಿಂದದ್ದೂ ಅದೇ ಪೆಟ್ಟು. ಪತ್ರಕರ್ತ ಎಂಬ ಮರ್ಯಾದೆಯ ಹೆಸರೊಂದು ಅದಕ್ಕೆ ಬಂತು, ಅಷ್ಟೇ.

ಮೊದಲು ಒಂದು ದಿನಪತ್ರಿಕೆಯಲ್ಲಿದ್ದ. ಒಂದೇ ಬಾಡಿಗೆ ಕೋಣೆಯಲ್ಲಿ ಬದುಕುತ್ತಿದ್ದ ಇಬ್ಬರು ಗಂಡಸರನ್ನು ಬೀದಿಯವರು ಹೊರಗೆಳೆದು ಹೊಡೆದ ಸುದ್ದಿಯನ್ನು ಅವನು ಬರೆದುಕೊಟ್ಟಾಗ, ಸಂಪಾದಕರು ಅದಕ್ಕೆ 'ವಿಚಿತ್ರ ಪ್ರಕರಣ' ಎಂದು ತಲೆಬರಹ ಕೊಟ್ಟು ಹವಾಮಾನದ ಪಕ್ಕ ಹಾಕಿದರು. ಹೊಡೆದವರ ಹೆಸರು ಇರಲಿಲ್ಲ, ಹೊಡೆಸಿಕೊಂಡವರ ಹೆಸರು ಪೂರ್ತಿ ಇತ್ತು. ಟಾಂಟಾಂ ಅವತ್ತೇ ಕೆಲಸ ಬಿಟ್ಟ. ಅವನೂ ಗಂಡಸರನ್ನೇ ಪ್ರೀತಿಸುವವನು. ಆ ಸುದ್ದಿಯಲ್ಲಿ ತನ್ನ ಹೆಸರೂ ಇರಬಹುದಿತ್ತು ಎಂಬುದು ಅವನಿಗೆ ಗೊತ್ತಿತ್ತು, ಸಂಪಾದಕರಿಗೆ ಗೊತ್ತಿರಲಿಲ್ಲ.

ಆಮೇಲೆ ಅವನು ಯಾರ ಹಂಗೂ ಇಲ್ಲದೆ ವಾರಕ್ಕೊಮ್ಮೆ ಒಂದು ಕಾರ್ಯಕ್ರಮ ಮಾಡತೊಡಗಿದ. ಕಿವಿಯಲ್ಲಿ ಕೇಳುವ ಸುದ್ದಿ. ಫೋನಿನಿಂದ ಫೋನಿಗೆ ಜನರೇ ಕಳಿಸಿಕೊಳ್ಳುತ್ತಿದ್ದರು. ಪೌರಾಡಳಿತದ ಕಳ್ಳತನ, ಆಸ್ಪತ್ರೆಯಲ್ಲಿ ಇಲ್ಲದ ಔಷಧಿ, ಅದರ ಜೊತೆಗೆ ಬೇರೆ ಯಾರೂ ಹೇಳದ ಇನ್ನೊಂದು ಸುದ್ದಿ: ಹೆಣ್ಣನ್ನು ಪ್ರೀತಿಸಿದ ಹೆಣ್ಣು, ಗಂಡನ್ನು ಪ್ರೀತಿಸಿದ ಗಂಡು, ಹುಟ್ಟಿದ ಮೈಯೊಳಗೆ ಉಸಿರುಗಟ್ಟಿ ಬೇರೆಯಾಗಿ ಬದುಕಹೊರಟವರು. ಅವರನ್ನು ಪೊಲೀಸರು ಹೇಗೆ ನಡೆಸಿಕೊಂಡರು, ಮನೆಯವರು ಹೇಗೆ ನಡೆಸಿಕೊಂಡರು, ಎಲ್ಲ ಅವರ ಮಾತಿನಲ್ಲೇ. ಅವರಿಗೆ ವಕೀಲರನ್ನು ಹುಡುಕಿಕೊಟ್ಟ, ಬಾಡಿಗೆ ಮನೆ ಹುಡುಕಿಕೊಟ್ಟ, ಕಚೇರಿಗಳ ಮುಂದೆ ಫಲಕ ಹಿಡಿದು ನಿಂತ. ಬೈಗುಳ ಬಂತು, ಕಲ್ಲು ಬಂತು, ಒಂದೆರಡು ಸನ್ಮಾನವೂ ಬಂತು.

ಅವನಿಗೆ ತಿದ್ದುಪಡಿಯ ಹುಚ್ಚೊಂದಿತ್ತು. ಸಣ್ಣ ತಪ್ಪು ಹೋದರೂ ಮುಂದಿನ ವಾರ ಮೊದಲು ಅದನ್ನೇ ಹೇಳಬೇಕು. ಒಮ್ಮೆ, ಸಂತ್ರಸ್ತರ ಮನೆಯ ನಾಯಿ ಕರಿಯದು ಎಂದು ಹೇಳಿದ್ದೆ, ಅದು ಕಂದು ಬಣ್ಣದ್ದು, ಕೇಳುಗರು ಕ್ಷಮಿಸಬೇಕು ಎಂದು ಗಂಭೀರವಾಗಿ ಬಿತ್ತರಿಸಿದ್ದ. ಊರು ಒಂದು ವಾರ ನಕ್ಕಿತು. "ನಗಲಿ, ಆದರೆ ನಂಬ್ತಾರೆ" ಎನ್ನುತ್ತಿದ್ದ. ಆ ಮಾತು ನಿಜವೂ ಆಗಿತ್ತು. ಇಂಥವನು ಒಂದು ತಿದ್ದುಪಡಿಯನ್ನು ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡು ಬದುಕಬೇಕಾಯಿತಲ್ಲ, ಅದೇ ಇಲ್ಲಿಯ ಕತೆ.

ಮನೆಯಲ್ಲಿದ್ದದ್ದು ಅವನು ಮತ್ತು ಅಕ್ಕ, ಇಬ್ಬರೇ. ಅಪ್ಪ ಅಮ್ಮ ಬೇಗ ಹೋದರು. ಅವನಿಗೂ ಅಕ್ಕನಿಗೂ ಬಹಳ ಅಂತರ. ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲೇ ಅವಳು ಅವನನ್ನು ಸೊಂಟದ ಮೇಲೆ ಹೊತ್ತು ಓಡಾಡಿದವಳು. ಬಸ್ ನಿಲ್ದಾಣದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗಾಜಿನ ಸಣ್ಣ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಹೇಳುವುದು. 'ಪ್ರಯಾಣಿಕರ ಗಮನಕ್ಕೆ' ಎಂದು ಅವಳು ಶುರುಮಾಡಿದರೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ಚೀಲ ಹುಡುಕಿಕೊಳ್ಳುತ್ತಿದ್ದರು. ಕಂಚಿನ ದನಿ ಅಲ್ಲ, ಜೇನಿನ ದನಿಯೂ ಅಲ್ಲ. ಒಣಗಿದ, ನೇರವಾದ, ಯಾವ ಅಕ್ಷರವನ್ನೂ ನುಂಗದ ದನಿ. ಊರಿನವರು ಮದುವೆಗೆ ಹೋದದ್ದು, ಹೆರಿಗೆಗೆ ಹೋದದ್ದು, ಸಾವಿಗೆ ಹೋದದ್ದು ಎಲ್ಲ ಆ ದನಿ ಕೇಳಿಕೊಂಡೇ. "ಒಂದೇ ಮನೇಲಿ ಎರಡು ಮೈಕು, ಗೋಡೆಗಳ ಗತಿ ಏನು" ಎಂದು ಮಾವ ತಮಾಷೆ ಮಾಡುತ್ತಿದ್ದ.

ಅಕ್ಕ ಮದುವೆಯಾಗಲಿಲ್ಲ. ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆಪ ಹೇಳಿ ವಾಪಸು ಕಳಿಸಿದಳು. ತಮ್ಮನ ಓದು ಮುಗಿಯಲಿ ಅಂತ ಬೇಡ ಅಂದಳು, ದೊಡ್ಡ ಮನಸ್ಸು, ಎಂದು ಮಾವ ಎಲ್ಲರಿಗೂ ಹೇಳಿದ, ಎಲ್ಲರೂ ನಂಬಿದರು, ಟಾಂಟಾಂ ಎಲ್ಲರಿಗಿಂತ ಹೆಚ್ಚು ನಂಬಿದ. ಆ ಋಣದ ಭಾರ ಅವನ ಹೆಗಲ ಮೇಲೆ ಸದಾ ಇತ್ತು. ಒಂದು ಸನ್ಮಾನದ ವೇದಿಕೆಯ ಮೇಲೆ ಅದನ್ನು ಹೇಳಿ ಕಣ್ಣೊರೆಸಿಕೊಂಡ. ಸಭೆ ಚಪ್ಪಾಳೆ ತಟ್ಟಿತು. ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕ ತನ್ನ ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಇದ್ದಳು. ಸಂಕೋಚದ ಹೆಂಗಸು ಎಂದು ಅವನು ಅಂದುಕೊಂಡ.

ತನ್ನ ವಿಷಯವನ್ನು ಅವನು ಅಕ್ಕನಿಗೆ ಹೇಳಿದ್ದು ಒಂದು ಸಂಜೆ. ಅವಳು ನಿಲ್ದಾಣದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಹೇಳುವ ಮೊದಲು ಅವನು ಎರಡು ಸಲ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಬದಿಗಿಟ್ಟು, "ಗೊತ್ತು. ಅದಕ್ಕೆ ಯಾಕೆ ಅಷ್ಟು ಹೆದರ್ತೀಯ?" ಅಂದಳು. ಅಷ್ಟೇ ಸಾಕಾಯಿತು. ಕಟ್ಟೆ ಒಡೆದ ಹಾಗೆ ಅವನು ಮಾತಾಡಿದ: ಶಾಲೆಯ ಕತೆ, ಕಾಲೇಜಿನ ಕತೆ, ಯಾರನ್ನೋ ಪ್ರೀತಿಸಿ ಹೇಳಲಾರದೆ ಸತ್ತ ಕತೆ. ಅಕ್ಕ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಳು. ಅವನು ಬಿಡಬೇಕಲ್ಲ. ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು, ಅವಳು ಮತ್ತೆ ಬಿಸಿಗಿಟ್ಟು, "ಊಟ ಮಾಡೋಣ ಬಾ" ಅಂದಳು. ಇಂಥ ಅಕ್ಕ ಯಾರಿಗುಂಟು ಎಂದು ಅವನು ಅವತ್ತು ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ಮಲಗಿದ.

ಇನ್ನು ಆ ತಪ್ಪಿನ ವಿಷಯ.

ಕಾರ್ಯಕ್ರಮದಲ್ಲಿ ಅವನದೊಂದು ಕಟ್ಟುನಿಟ್ಟು ಇತ್ತು. ನೊಂದವರ ದನಿಯನ್ನು ಯಾವತ್ತೂ ಬಿತ್ತರಿಸುವಂತಿಲ್ಲ. ಹೆಸರು ಬದಲಿಸಬಹುದು, ಊರು ಬದಲಿಸಬಹುದು, ದನಿ ಮಾತ್ರ ಮನುಷ್ಯನನ್ನು ಹಿಡಿದುಕೊಡುತ್ತದೆ. ಯಂತ್ರದಲ್ಲಿ ದನಿ ತಿರುಚಿದರೆ ಕಳ್ಳನ ಮಾತಿನ ಹಾಗೆ ಕೇಳುತ್ತದೆ ಎಂದು ಅವನಿಗೆ ಅದೂ ಇಷ್ಟವಿರಲಿಲ್ಲ. ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು, ಇನ್ನೊಬ್ಬರ ಕೈಯಲ್ಲಿ ಓದಿಸುವುದು ಅವನ ಪದ್ಧತಿ. ಹೆಂಗಸರ ಮಾತುಗಳನ್ನು ಓದಲು ನಾಟಕದ ಗೆಳತಿಯೊಬ್ಬಳಿದ್ದಳು.

ಆ ವಾರ ಬಂದವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕೆಲಸದವಳು. ಅವಳೂ ಅವಳ ಸಂಗಾತಿಯೂ ಒಂದೇ ಕೋಣೆಯಲ್ಲಿ ಬದುಕುತ್ತಿದ್ದರು. ಮನೆ ಮಾಲೀಕ ದೂರು ಕೊಟ್ಟ. ಪೊಲೀಸರು ಇಬ್ಬರನ್ನೂ ಠಾಣೆಗೆ ಕರೆದೊಯ್ದು, ಬೇರೆ ಬೇರೆ ಕೂರಿಸಿ, ಕೇಳಬಾರದ ಪ್ರಶ್ನೆಗಳನ್ನು ಕೇಳಿ, ಮಾಡಬಾರದ್ದನ್ನು ಮಾಡಿ ಬಿಟ್ಟಿದ್ದರು. ಮತ್ತೆ ಕರೆಸುತ್ತೇವೆ ಎಂದಿದ್ದರು. ಸುದ್ದಿ ಕೂಡಲೇ ಹೊರಗೆ ಹೋದರೆ ಅವರು ಕೈಹಾಕಲು ಹಿಂಜರಿಯಬಹುದು ಎಂದು ವಕೀಲರ ಲೆಕ್ಕ. ನಾಟಕದ ಗೆಳತಿಗೆ ಜ್ವರ, ಗಂಟಲು ಕಟ್ಟಿ ಉಸಿರೇ ಹೊರಡುತ್ತಿರಲಿಲ್ಲ.

"ಅಕ್ಕಾ, ನೀನು ಓದ್ತೀಯಾ?"

ಅವಳು ಹಾಳೆ ತೆಗೆದುಕೊಂಡು ನಿಂತಲ್ಲೇ ಕಣ್ಣಾಡಿಸಿದಳು. ಒಂದು ಕಡೆ ಕಣ್ಣು ನಿಂತಿತು. 'ನಾವು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಬೆಳಗ್ಗೆ ಎದ್ದು ಒಬ್ಬರ ಜಡೆ ಒಬ್ಬರು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆವು' ಎಂಬ ಸಾಲು.

"ಓದ್ತೀನಿ," ಅಂದಳು.

ಬಟ್ಟೆಯ ಕಪಾಟಿನ ಮುಂದೆ ಅವಳನ್ನು ಕೂರಿಸಿ, ಪ್ರತಿಧ್ವನಿ ಬಾರದ ಹಾಗೆ ತಲೆಯ ಮೇಲಿಂದ ಕಂಬಳಿ ಹೊದೆಸಿದ. ಒಳಗಿನಿಂದ ಅವಳು ಒಂದೇ ಸಲಕ್ಕೆ, ಎಲ್ಲೂ ತಡವರಿಸದೆ ಓದಿ ಮುಗಿಸಿದಳು. ಕಂಬಳಿ ತೆಗೆದಾಗ ಅವಳ ಮುಖವೆಲ್ಲ ಒದ್ದೆ. "ಸೆಕೆ" ಅಂದಳು. ನಾಟಕದವಳಿಗಿಂತ ಚೆನ್ನಾಗಿ ಬಂತು ಎಂದು ಅವನು ಕುಣಿದಾಡಿದ, ಮತ್ತು ಬಿತ್ತರಿಸಿಬಿಟ್ಟ.

ಇಷ್ಟು ಬುದ್ಧಿವಂತನಿಗೆ ಅದು ಹೇಗೆ ಹೊಳೆಯಲಿಲ್ಲ ಎಂದು ಯಾರಾದರೂ ಕೇಳಬಹುದು. ಹೊಳೆಯಲಿಲ್ಲ, ಅಷ್ಟೇ. ಅವನಿಗೆ ಅದು ಮನೆಯ ದನಿ. ಏಳು, ಹೊತ್ತಾಯ್ತು ಎಂದು ಬೈದ ದನಿ, ಜ್ವರ ಬಂದಾಗ ಲೆಕ್ಕದ ಪಾಠ ಓದಿಹೇಳಿದ ದನಿ. ನಿಲ್ದಾಣಕ್ಕೆ ಅವನು ಹೋಗುತ್ತಿದ್ದದ್ದೇ ಅಪರೂಪ. ಅವನದು ಸೈಕಲ್ಲಿನ ಓಡಾಟ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಜನರಿಗೆ ಪರಿಚಯವಿದ್ದ ದನಿಯನ್ನೇ ಅವನು ಯಾರಿಗೂ ಗುರುತು ಸಿಗಬಾರದ ಮಾತಿಗೆ ಹಾಕಿದ್ದ. ಹೇಳಿದವಳನ್ನು ಕಾಪಾಡುವ ಗಡಿಬಿಡಿಯಲ್ಲಿ ಓದಿದವಳನ್ನು ಬೀದಿಗೆ ತಂದು ನಿಲ್ಲಿಸಿದ.

ಮರುದಿನ ಅಕ್ಕ ಮೈಕು ಹಿಡಿದು 'ಪ್ರಯಾಣಿಕರ ಗಮನಕ್ಕೆ' ಎಂದಾಗ ಯಾರೋ ಶಿಳ್ಳೆ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಗಾಜಿನ ಕೋಣೆಯ ಸುತ್ತ ಗುಂಪು. "ಜಡೆ ಹಾಕೋಕೆ ಬರ್ಲಾ" ಎಂದು ಹೆಂಗಸೊಬ್ಬಳೇ ಕೂಗಿದಳು. ವ್ಯವಸ್ಥಾಪಕರು ಒಳಗೆ ಕರೆಸಿ, ಆ ದನಿ ನಿಮ್ಮದೇನಾ ಎಂದು ಕೇಳಿದರು. ನನ್ನದೇ, ಅಂದಳು. ಮಾತೂ ನಿಮ್ಮದೇನಾ ಎಂದರು. ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಅಲ್ಲ ಎಂದಿದ್ದರೆ, ಹಾಗಾದರೆ ಯಾರದು ಎಂಬ ಪ್ರಶ್ನೆ ಬರುತ್ತಿತ್ತು. ಹೊಲಿಗೆಯವಳ ಬಾಗಿಲಿಗೆ ದಾರಿ ತೆರೆಯುತ್ತಿತ್ತು. ಅದಕ್ಕೇ ಅಕ್ಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಾದಳು ಎಂದು ಟಾಂಟಾಂ ಅರ್ಥಮಾಡಿಕೊಂಡ. ಮೊದಲು ಮದುವೆ, ಈಗ ಮಾನ. ಅವನ ಲೆಕ್ಕಕ್ಕೆ ಋಣ ಎರಡಾಯಿತು. ಅವಳ ಕಾಲು ಹಿಡಿದುಕೊಂಡು ಅತ್ತ. "ಏಳೋ, ಬಟ್ಟೆ ಕೊಳೆಯಾಗುತ್ತೆ" ಅಂದಳು ಅಕ್ಕ. ಮುಂದಿನ ವಾರ ಅವನು ತಿದ್ದುಪಡಿ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ.

ಹೇಳಲು ಅವನೂ ಅಲ್ಲಿರಲಿಲ್ಲ, ಬಿಡಿ. ಪೊಲೀಸರ ಹೆಸರು ಕೆಡಿಸಿದ, ಅಶ್ಲೀಲ ಹರಡಿದ ಎಂದು ಅವನ ಮೇಲೆ ಮೊಕದ್ದಮೆ ಬಿತ್ತು. ಒಳಗೆ ಹಾಕಿದರೆ ಹೊರಗೆ ಬರುವ ಭರವಸೆ ನನಗಿಲ್ಲ, ಇವತ್ತೇ ಹೊರಡು, ಎಂದು ವಕೀಲರು ನೇರವಾಗಿ ಹೇಳಿದರು. ಹಾಡಹಗಲೇ, ಒಂದು ಕೈಚೀಲ ಹಿಡಿದು, ಮದುವೆಗೆ ಹೊರಟವನ ಹಾಗೆ ನಿಲ್ದಾಣಕ್ಕೆ ಬಂದ. ಅಷ್ಟರಲ್ಲಿ ಅಕ್ಕನನ್ನು ಮೈಕಿನಿಂದ ತೆಗೆದಿದ್ದರು. ಅವನ ಬಸ್ಸನ್ನು ಇನ್ಯಾರೋ ಅಕ್ಷರ ನುಂಗಿ ನುಂಗಿ ಕೂಗಿದರು. ಅದು ತನ್ನ ಬಸ್ಸೋ ಅಲ್ಲವೋ ಎಂದು ಅವನು ನಿರ್ವಾಹಕನನ್ನು ಕೇಳಿ ಹತ್ತಬೇಕಾಯಿತು. ಕೆಲವು ತಿಂಗಳಲ್ಲಿ ಬಿಸಿ ಆರುತ್ತದೆ, ವಾಪಸು ಬರುತ್ತೇನೆ ಎಂದುಕೊಂಡಿದ್ದ. ಆ ಬಿಸಿ ಆರಲೇ ಇಲ್ಲ.

ಈಗ ಅವನಿರುವ ಪರದೇಶದ ನಗರದಲ್ಲಿ ಟಾಂಟಾಂ ಎಂದರೆ ಯಾರಿಗೂ ಗೊತ್ತಿಲ್ಲ. ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವನಿಗೆ ಕೆಲಸ. ಒಣಗಿಸುವ ಯಂತ್ರದಿಂದ ಸುಡುಸುಡು ಬರುವ ಚಾದರಗಳ ಎರಡು ತುದಿ ಇವನು, ಎರಡು ತುದಿ ಇನ್ನೊಬ್ಬರು ಹಿಡಿದು, ಜಾಡಿಸಿ, ಮಡಚಿ, ಅಟ್ಟಿ ಹಾಕಬೇಕು. ಯಂತ್ರಗಳ ಸದ್ದಿಗೆ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ. ಯಜಮಾನಿ ಮನೆಯಲ್ಲೂ ಹಾಗೇ ಕಿರುಚುತ್ತಾಳಂತೆ. ಇವನು ಒಂದು ಬೇಕರಿಯವನ ಜೊತೆ ಎರಡು ಕೋಣೆಯ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ಬೇಕರಿಯವನು ಒಳ್ಳೆಯವನು, ಹಿಟ್ಟಿನ ವಾಸನೆಯವನು, ಅವನಿಗೆ ಇವನ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಇಲ್ಲಿ ಇಬ್ಬರು ಗಂಡಸರು ಕೈಹಿಡಿದು ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕಾಗಿ ಅವನು ಅರ್ಧ ಆಯುಸ್ಸು ಬಡಿದಾಡಿದ್ದ. ಸಿಕ್ಕಾಗ ಅದು ಅವನಿಗೆ ಕದ್ದು ತಿಂದ ಹಾಗಾಯಿತು. ಅಲ್ಲಿ ಅಕ್ಕ ಒಬ್ಬಳೇ ತಲೆತಗ್ಗಿಸಿ ನಡೆಯುತ್ತಿರುವಾಗ ಇಲ್ಲಿ ತಾನು ಕೈಬೀಸಿಕೊಂಡು ಓಡಾಡುವುದು ಯಾವ ನ್ಯಾಯ ಎಂದು ಎಷ್ಟೋ ಸಲ ಬೇಕರಿಯವನ ಕೈ ಬಿಡಿಸಿಕೊಂಡಿದ್ದಾನೆ. ಅವನು ಪಾಪ, ಚಳಿ ಎಂದು ತಿಳಿದು ಕೈಗವಸು ತಂದುಕೊಟ್ಟ.

ಕಾರ್ಯಕ್ರಮ ನಿಲ್ಲಿಸಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಈಗಲೂ ವಾರಕ್ಕೊಂದು ಸಿದ್ಧವಾಗುತ್ತದೆ. ತನ್ನ ಹಾಗೆ ಓಡಿಬಂದ ಹುಡುಗ ಹುಡುಗಿಯರಿಗೆ ಕಚೇರಿಗಳಲ್ಲಿ ದುಭಾಷಿಯಾಗಿ ಕೂರುತ್ತಾನೆ, ಅವರ ಕತೆ ಕೇಳುತ್ತಾನೆ. ಮೈಯೆಲ್ಲ ಕಿವಿಯಾಗಿ ಕೇಳುವವನು ಎಂದು ಅವನಿಗೆ ಹೆಸರು.

ಅಕ್ಕನನ್ನು ನಿಲ್ದಾಣದಲ್ಲೇ ಇಟ್ಟುಕೊಂಡರು, ಆದರೆ ಜನರ ಕಿವಿಗೆ ಬೀಳದ ಕಡೆ. ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೋಣೆ ಅವಳ ವಶಕ್ಕೆ ಬಂತು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಭಾನುವಾರ ಬೆಳಗ್ಗೆ ಅವನು ಫೋನು ಮಾಡಿದರೆ ಅವಳು ಆ ವಾರ ಏನೇನು ಬಂತು ಎಂದು ಹೇಳುವಳು. ಅವನು ಮಂಡಿನೋವು ಹೇಗಿದೆ ಎಂದು ಕೇಳುವನು. ಆ ಸುದ್ದಿಯ ವಿಷಯ ಇಬ್ಬರೂ ಎತ್ತಿದವರಲ್ಲ. ಎತ್ತಲು ಅವನಿಗೆ ಮುಖವಿರಲಿಲ್ಲ, ಅವಳಿಗೆ ಮನಸ್ಸಿಲ್ಲ ಎಂದು ಅವನು ತಿಳಿದಿದ್ದ.

ಹೀಗಿರುವಾಗ ಒಂದು ದಿನ ಹೊಲಿಗೆಯವಳ ದನಿಸಂದೇಶ ಬಂತು. ಅವಳೂ ಅವಳ ಸಂಗಾತಿಯೂ ಕೊನೆಗೂ ಹೊರಗೆ ಬಂದಿದ್ದರು, ಬೇರೊಂದು ದೇಶದಲ್ಲಿ ನೆಲೆ ಸಿಕ್ಕಿತ್ತು. "ಸಾರ್, ಇನ್ನು ನಮಗೆ ಭಯ ಇಲ್ಲ. ಅವತ್ತು ಓದಿದ ಅಮ್ಮನಿಗೆ ನಮ್ಮಿಂದ ತುಂಬ ತೊಂದರೆ ಆಯ್ತು ಅಂತ ಕೇಳಿದೆ. ಹೇಳಿದ್ದು ನಾನೇ ಅಂತ ಈಗ ಎಲ್ಲರಿಗೂ ಹೇಳಿ ಸಾರ್," ಎಂದಿದ್ದಳು.

ಅದನ್ನು ಕೇಳಿ ಅವನು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಉಗುಳುವ ಕಾಲ ಬಂದಿತ್ತು. ಒಂದೇ ಒಂದು ತಿದ್ದುಪಡಿ, ಅಕ್ಕ ಮತ್ತೆ ತಲೆಯೆತ್ತಿ ನಡೆಯಬಹುದು. ಬಾಯಿಂದ ಬಾಯಿಗೆ ಹೋಗುತ್ತದೆ, ಶಿಳ್ಳೆ ಹೊಡೆದವರು ನಾಚಿಕೊಳ್ಳುತ್ತಾರೆ, ವ್ಯವಸ್ಥಾಪಕರು ಮೈಕು ವಾಪಸು ಕೊಟ್ಟರೂ ಕೊಟ್ಟಾರು. ಅವತ್ತಿನಿಂದ ಚಾದರ ಮಡಚುತ್ತ ಅವನು ವಾಕ್ಯ ಹೊಂದಿಸತೊಡಗಿದ. ಒಂದು ಮಾತು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು.

"ಏನದು ಗೊಣಗೊಣ? ಯಾರಿಗಾದ್ರೂ ಸಾರಿ ಕೇಳ್ತಿದೀಯಾ?" ಯಜಮಾನಿ ಕಿರುಚಿದಳು.

"ತಿದ್ದುಪಡಿ ಬರೀತಿದೀನಿ!"

"ಗಂಡಸರು ಅದಕ್ಕೂ ಒಂದೊಂದು ದೊಡ್ಡ ಹೆಸರಿಡ್ತಾರಪ್ಪ!"

ಎಷ್ಟೋ ಸಲ ಬರೆದು ಹರಿದು ಕೊನೆಗೆ ಒಂದು ರೂಪಕ್ಕೆ ತಂದ. ಬೇಕರಿಯವನ ಮುಂದೆ ಓದಿದ. ಅವನಿಗೆ ಏನೂ ಅರ್ಥವಾಗದಿದ್ದರೂ ಓದುವವನ ಕಣ್ಣು ನೋಡಿ ತಬ್ಬಿಕೊಂಡ. ಬಿತ್ತರಿಸುವ ಮೊದಲು ಒಂದು ಬಾಕಿಯಿತ್ತು. ಯಾರ ವಿಷಯ ಹೇಳುತ್ತೇವೋ ಅವರನ್ನು ಕೇಳದೆ ಹೇಳಬಾರದು, ಇದು ಅವನ ಇನ್ನೊಂದು ಕಟ್ಟುನಿಟ್ಟು. ಭಾನುವಾರ ಬೆಳಗ್ಗೆ ಫೋನು ಮಾಡಿದ. ಹೊಲಿಗೆಯವಳ ಸಂದೇಶದ ಸುದ್ದಿ ಮೊದಲು ಹೇಳಿದ.

"ಇಬ್ಬರೂ ಒಟ್ಟಿಗಿದಾರಾ?" ಅಕ್ಕ ಕೇಳಿದಳು.

"ಇದಾರೆ."

"ಒಳ್ಳೇದಾಯ್ತು. ತುಂಬ ಒಳ್ಳೇದಾಯ್ತು."

"ಅಕ್ಕಾ, ಈಗ ಒಂದು ಓದ್ತೀನಿ. ಪೂರ್ತಿ ಕೇಳು. ಮಧ್ಯ ಮಾತಾಡಬೇಡ."

"ಓದು. ನಾನು ಮಾತಾಡೋದು ಬಿಟ್ಟು ಎಷ್ಟೋ ಕಾಲ ಆಯ್ತು."

ಅವನು ಗಂಟಲು ಸರಿಮಾಡಿಕೊಂಡು ಓದಿದ. "ಕೇಳುಗರೇ, ಒಂದು ತಿದ್ದುಪಡಿ. ಹಲವು ವರ್ಷಗಳ ಹಿಂದೆ ಈ ಕಾರ್ಯಕ್ರಮದಲ್ಲಿ, ಇನ್ನೊಬ್ಬ ಹೆಣ್ಣಿನೊಡನೆ ಬದುಕುತ್ತಿದ್ದ ಹೆಣ್ಣೊಬ್ಬರ ಹೇಳಿಕೆಯನ್ನು ಕೇಳಿದ್ದೀರಿ. ಅದನ್ನು ಓದಿದ ದನಿ ನನ್ನ ಅಕ್ಕನದು. ಮಾತು ಅವರದಲ್ಲ. ಹೇಳಿದವರು ಬೇರೆ, ಅವರೀಗ ಸುರಕ್ಷಿತರಾಗಿದ್ದಾರೆ. ನನ್ನ ಅಕ್ಕ ಅಂಥವರಲ್ಲ. ತಮ್ಮನಿಗಾಗಿ ಸಂಸಾರವನ್ನೇ ಬೇಡವೆಂದವರು. ಮಾಡದ ತಪ್ಪಿಗೆ ಇಷ್ಟು ವರ್ಷ ಕಳಂಕ ಹೊತ್ತ ಅವರಲ್ಲಿ, ನಿಮ್ಮೆಲ್ಲರ ಎದುರು, ಕ್ಷಮೆ ಕೇಳುತ್ತೇನೆ."

ಆ ಕಡೆ ಅಕ್ಕ ಅಳುತ್ತಿದ್ದಾಳೆ ಎಂದುಕೊಂಡ.

"ಮಧ್ಯದ ಆ ಸಾಲು ಇನ್ನೊಂದ್ಸಲ ಓದು," ಅಂದಳು ಅಕ್ಕ. ದನಿ ಒಣಗಿತ್ತು, ನೇರವಾಗಿತ್ತು.

"ಯಾವುದು? 'ನನ್ನ ಅಕ್ಕ ಅಂಥವರಲ್ಲ'..."

ಎರಡನೇ ಸಲ ಓದುವಾಗ ಅದು ಅವನ ಕಿವಿಗೇ ಬಿತ್ತು. ಅಂಥವರು. ತಪ್ಪು. ಕಳಂಕ. ಈ ಮಾತುಗಳನ್ನು ಹಾಕಿದ್ದಕ್ಕೆ ಎಷ್ಟು ಪತ್ರಿಕೆಗಳ ಮೇಲೆ ಅವನು ಹರಿಹಾಯ್ದಿದ್ದ, ಎಷ್ಟು ಸಂಪಾದಕರ ಬೆವರಿಳಿಸಿದ್ದ. ತನ್ನ ಅಕ್ಕನ ವಿಷಯ ಬಂದಾಗ ಅವೇ ಮಾತುಗಳು ಕರೆಯದೆ ಬಂದು ಕೂತಿದ್ದವು.

"ಅದು... ಊರಿನವರಿಗೆ ಅರ್ಥ ಆಗೋ ಹಾಗೆ ಬರೆದೆ ಅಕ್ಕಾ. ತೆಗೀತೀನಿ. ಬೇರೆ ಥರ ಬರೀತೀನಿ."

"ಬೇರೆ ಥರ ಹೇಗೆ ಬರೀತೀಯ? ಪ್ರತಿ ಸುದ್ದಿಗೂ ಇಬ್ಬರನ್ನಾದರೂ ಕೇಳದೆ ಹಾಕಲ್ಲ ಅಂತೀಯಲ್ಲ, ಈ ಸುದ್ದಿಗೆ ಯಾರನ್ನ ಕೇಳಿದೆ?"

ಅವನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟ.

"ಅಕ್ಕಾ..."

"ಮಾತೂ ನಿಮ್ಮದೇನಾ ಅಂತ ಅವರು ಕೇಳಿದಾಗ ನಾನು ಸುಮ್ಮನಿದ್ದೆ. ಆ ಹುಡುಗೀಗೋಸ್ಕರ, ಅದು ಹೌದು. ಆದರೆ ಅಲ್ಲ ಅನ್ನೋದಕ್ಕೆ ನಾಲಿಗೇನೂ ಏಳಲಿಲ್ಲ. ಬಂದ ಗಂಡುಗಳಿಗೆಲ್ಲ ನೆಪ ಹೇಳಿ ಹೇಳಿ ಸಾಕಾಗಿತ್ತು. ಮತ್ತೆ ಅಲ್ಲ ಅಂದುಬಿಟ್ಟರೆ ಸಾಯೋ ತನಕ ಅಲ್ಲ ಅಂತಲೇ ಇರಬೇಕಲ್ಲ."

"ಮತ್ತೆ ಮದುವೆ... ನನಗೋಸ್ಕರ ಅಂತ ಮಾವ..."

ಅಕ್ಕ ನಕ್ಕಳು. ಕೆಟ್ಟ ನಗುವಲ್ಲ, ಮಗುವಿನ ಪೆದ್ದುತನಕ್ಕೆ ನಗುವ ಹಾಗೆ. "ಮಾವ ಹೇಳಿದರು. ನನಗೂ ಅನುಕೂಲ ಆಯ್ತು, ಬಿಟ್ಟುಬಿಟ್ಟೆ. ನೀನು ಅದನ್ನ ವೇದಿಕೆ ಮೇಲೆ ಹೇಳಿ ಅತ್ತೂ ಬಿಟ್ಟೆ. ಅವತ್ತು ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತ್ತು."

ಬೇಕರಿಯವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಇವನ ಮುಖ ನೋಡಿ, ಹಾಗೇ ಹಿಂದಕ್ಕೆ ಹೋದ.

"ಒಬ್ಬರು ಇದ್ದರು," ಅಕ್ಕ ಮುಂದುವರಿಸಿದಳು. ಬಸ್ಸಿನ ವೇಳೆ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ. "ತುಂಬ ವರ್ಷ ಇದ್ದರು. ಆ ಸುದ್ದಿ ಹೊರಗೆ ಬಂದ ವಾರವೇ ಹೆದರಿಬಿಟ್ಟರು. ನನ್ನನ್ನ ನೋಡಿದವರ ಕಣ್ಣು ತಮ್ಮ ಮೇಲೂ ಬೀಳುತ್ತೆ ಅಂತ. ಮನೆಯವರು ತೋರಿಸಿದ, ಬೆಳೆದ ಮಕ್ಕಳಿದ್ದ ವಿಧುರನನ್ನ ಮದುವೆ ಆಗಿ ಊರು ಬಿಟ್ಟು ಹೋದರು. ಮೈಕು ಹೋಗಿದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಇದಕ್ಕೆ ಇತ್ತು. ಈಗ ಅದೂ ಇಲ್ಲ."

"ನನಗೆ ಯಾಕೆ ಹೇಳಲಿಲ್ಲ ಅಕ್ಕಾ? ನನಗೆ? ಊರಲ್ಲಿ ಯಾರಿಗೆ ಹೇಳೋದಕ್ಕೆ ಆಗದಿದ್ದರೂ ನನಗೆ ಹೇಳಬಹುದಿತ್ತಲ್ಲ!"

"ಹೇಳಬೇಕು ಅಂತ ಎಷ್ಟೋ ಸಲ ಇತ್ತು. ನಿನ್ನದೇ ಮುಗೀತಿರಲಿಲ್ಲ."

ಅವಳು ಅದನ್ನು ಬೈಗುಳವಾಗಿ ಹೇಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಊರೂರು ಅಲೆದು ಕಂಡವರ ಬಾಯಿ ಬಿಡಿಸಿದ್ದ. ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇವೆ ಎಂದು ಜನ ಅವನ ಕೈ ಹಿಡಿದುಕೊಂಡಿದ್ದರು. ಆ ಹೊತ್ತೆಲ್ಲ ಒಂದೇ ಸೂರಿನ ಕೆಳಗೆ, ಎದುರು ಕೂತು ಬಡಿಸಿದವಳನ್ನು ಅವನು ಏನೂ ಕೇಳಿರಲಿಲ್ಲ. ಅವಳು ತ್ಯಾಗಮಯಿ ಎಂದು ಅವನಿಗೆ ಆಗಲೇ ಗೊತ್ತಿತ್ತಲ್ಲ, ಮತ್ತೆ ಕೇಳುವುದೇನು.

"ಅಕ್ಕಾ, ಈ ತಿದ್ದುಪಡಿ ಹಾಕಲ್ಲ. ನಿನ್ನಾಣೆ ಹಾಕಲ್ಲ."

"ಹಾಕಬೇಡ. ಆ ಹುಡುಗಿ ತನ್ನ ಮಾತು ತಾನು ಹೇಳಿಕೊಳ್ಳಲಿ, ಅವಳದು ಅವಳಿಗೆ. ನನ್ನ ಬಗ್ಗೆ ಈ ಊರಿಗೆ ಗೊತ್ತಿರೋದು ಏನು ಹೇಳು? ತಮ್ಮನಿಗೋಸ್ಕರ ಮದುವೆ ಬಿಟ್ಟಳು ಅಂತಾರೆ, ಅದು ಸುಳ್ಳು. ಜನ ಆಡಿಕೊಂಡು ನಕ್ಕರಲ್ಲ, ಅದೊಂದೇ ನಿಜ. ಅದನ್ನೂ ಸುಳ್ಳು ಅಂತ ಸಾರಬೇಡ."

ಅವನು ಕಣ್ಣೊರೆಸಿಕೊಂಡ. ಕೇಳಲೋ ಬೇಡವೋ ಎಂದು ಅಂಜುತ್ತಲೇ ಕೇಳಿದ. "ಅವರು ಯಾರು ಅಕ್ಕಾ?"

"ಆಗ ಕೇಳಿದ್ದರೆ ಹೇಳ್ತಿದ್ದೆ," ಅಂದಳು. "ಈಗ ಅವರಿಗೆ ಮೊಮ್ಮಗು ಆಗಿದೆಯಂತೆ. ಬಿಡು."

ಇಂಥ ಉತ್ತರ ಬೇರೆ ಯಾರಿಂದ ಬಂದಿದ್ದರೂ ಅವನ ಬಾಯಲ್ಲಿ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತಿತ್ತು. ಅವತ್ತು ಏನೂ ಇರಲಿಲ್ಲ. ಫೋನು ಕಿವಿಗೆ ಒತ್ತಿಕೊಂಡು ಕೂತೇ ಇದ್ದ, ಅಕ್ಕನೂ ಇಡಲಿಲ್ಲ.